ಮೂರು ಸರ್ವರ್‌ಗಳಿಗೆ ಒಂದೇ ಮುಹೂರ್ತ

ಇಪ್ಪತ್ತೆರಡು ಸಾವಿರ ಕೊಟ್ಟೆ. ಭದ್ರಾವತಿಯ ನ್ಯೂ ಟೌನಿನಲ್ಲಿ ಹಳೆಯ ಕಂಪ್ಯೂಟರ್ ಮಾರುವವನು ಇಪ್ಪತ್ತೆಂಟು ಹೇಳಿದ್ದ. ನಾನು ಎರಡು ಸಲ ಬಸ್ ಸ್ಟ್ಯಾಂಡಿನ ದಾರಿ ಹಿಡಿದು, ಎರಡು ಸಲವೂ ಅವನಿಂದಲೇ ವಾಪಸ್ ಕರೆಸಿಕೊಂಡೆ. ಕೊಂಡದ್ದು ಒಂದು ಡಿಸ್ಕ್ ಪೆಟ್ಟಿಗೆ. ಶಿವಮೊಗ್ಗದ ಗಾಂಧಿ ಬಜಾರಿನ ನನ್ನ ಸ್ಟುಡಿಯೋದಲ್ಲಿ ಆಗ ಮೂರು ಸರ್ವರ್‌ಗಳಿದ್ದವು: ಮದುವೆ ಫೋಟೊಗಳಿಗೊಂದು, ಆಲ್ಬಮ್‌ಗೊಂದು, ಲಗ್ನಪತ್ರಿಕೆಗೊಂದು. ಮೂರಕ್ಕೂ ಬೇರೆ ಬೇರೆ ಪೆಟ್ಟಿಗೆ ಕೊಳ್ಳುವವನು ದಡ್ಡ. ಮೂರೂ ತಮ್ಮ ಇನ್ನೊಂದು ಪ್ರತಿಯನ್ನು, ಅಂದರೆ ಬ್ಯಾಕಪ್ಪನ್ನು, ಒಂದರಲ್ಲೇ ಇಟ್ಟುಕೊಳ್ಳಲಿ ಎಂಬುದು ನನ್ನ ಜಾಣತನ.

ಇನ್ನು ಬ್ಯಾಕಪ್ ಶುರುವಾಗುವ ಹೊತ್ತು ಗೊತ್ತುಮಾಡಬೇಕಿತ್ತು. ಲಗ್ನಪತ್ರಿಕೆ ಅಚ್ಚು ಹಾಕಿ ಹಾಕಿ ಮುಹೂರ್ತದ ವಿಷಯದಲ್ಲಿ ನಾನು ಅರ್ಧ ಪುರೋಹಿತ. ಮಧ್ಯಾಹ್ನ ಹನ್ನೆರಡರ ಸುಮಾರಿನ ಅಭಿಜಿನ್ ಲಗ್ನ ಹೆಚ್ಚಿನ ದೋಷಗಳನ್ನೆಲ್ಲ ನುಂಗಿಬಿಡುತ್ತದಂತೆ. ಅಂಥ ಹೊತ್ತನ್ನು ಒಂದಕ್ಕೆ ಕೊಟ್ಟು ಉಳಿದೆರಡಕ್ಕೆ ಅನ್ಯಾಯ ಮಾಡುವುದು ಹೇಗೆ? ಮೂರಕ್ಕೂ ಹನ್ನೆರಡು ಎಂದು ಬರೆದುಬಿಟ್ಟೆ.

ಒಂದೇ ಮುಹೂರ್ತಕ್ಕೆ ಮೂರು ದಿಬ್ಬಣಗಳು ಒಂದೇ ಛತ್ರದ ಬಾಗಿಲಿಗೆ ಬಂದರೆ ಏನಾಗುತ್ತದೋ ಅದೇ ಆಯಿತು. ಪತ್ರಿಕೆ, ಆಲ್ಬಮ್ ಚಿಕ್ಕವು, ನುಸುಳಿಕೊಂಡು ಹೋದವು. ಫೋಟೊಗಳದ್ದು ದೊಡ್ಡ ದಿಬ್ಬಣ. ಪೆಟ್ಟಿಗೆ ಸುಸ್ತಾಗಿ, ಫೋಟೊಗಳ ಬ್ಯಾಕಪ್ ದಿನವೂ ಅರ್ಧಕ್ಕೇ ನಿಲ್ಲುತ್ತಿತ್ತು. ಪರದೆಯ ಮೇಲೆ ಅದೇನೋ ಕೆಂಪಕ್ಷರ ಬರುತ್ತಿತ್ತು. ಕುಂಕುಮದ ಬಣ್ಣವಲ್ಲವೇ, ಶುಭವೇ ಇರಬೇಕೆಂದು ಮುಚ್ಚಿ ಊಟಕ್ಕೆ ಹೋಗುತ್ತಿದ್ದೆ.

ಒಂದು ದಿನ ಫೋಟೊ ಸರ್ವರ್ ಕಣ್ಣುಮುಚ್ಚಿತು. ಧೈರ್ಯವಾಗಿ ಪೆಟ್ಟಿಗೆ ತೆರೆದೆ. ನ್ಯೂ ಟೌನಿನ ಸರೋಜಮ್ಮನವರ ಮಗಳ ಮದುವೆಯಲ್ಲಿ ಧಾರೆಯವರೆಗೆ ಎಲ್ಲ ಇತ್ತು. ಆಮೇಲಿನದು ಒಂದೂ ಇರಲಿಲ್ಲ. ಆಮೇಲಿನದರಲ್ಲೇ ಆ ಫೋಟೊ ಇದ್ದದ್ದು. ಮಲವಗೊಪ್ಪದ ಮನೆಯ ನಡುಗೋಡೆಗಾಗಿ ಹನ್ನೆರಡು ವರ್ಷ ಮಾತು ಬಿಟ್ಟಿದ್ದ ಸರೋಜಮ್ಮನವರ ಇಬ್ಬರು ಅಣ್ಣಂದಿರು, ಮದುಮಗನ ಪೇಟ ಜಾರಿದ್ದಕ್ಕೆ ಅಕ್ಕಪಕ್ಕ ನಿಂತು ನಕ್ಕ ಫೋಟೊ. ಮನೆಗೆ ಹೋಗುವ ಹೊತ್ತಿಗೆ ಇಬ್ಬರೂ ಮತ್ತೆ ಮುಖ ತಿರುಗಿಸಿದ್ದರು.

ಏನಾದರೊಂದು ಸುಳ್ಳು ಹೇಳಿ ಪಾರಾಗೋಣ ಎನ್ನಿಸಿತು. ವ್ಯಾಪಾರಿ ನಾನು, ಸುಳ್ಳಿಗೆ ಬರವಿಲ್ಲ. ಆದರೂ ಸರೋಜಮ್ಮ ಬಂದಾಗ ಬಾಯಿಗೆ ಬಂದದ್ದು ನಿಜವೇ.

"ನನ್ನ ಮಗಳ ಫೋಟೊ ಹೋದ್ರೆ ಹೋಗ್ಲಿ ಮಾರಾಯ, ಅವಳು ಕಣ್ಣೆದುರಿಗೇ ಇದಾಳೆ," ಅಂದರು. "ಅಣ್ಣಂದಿರು ನಕ್ಕಿದ್ರು ಅನ್ನೋದಕ್ಕೆ ಇನ್ನೇನು ತೋರಿಸ್ಲಿ ನಾನು?"

ಆಮೇಲೆ ನನ್ನ ಫೋನಿನಿಂದಲೇ ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದರು: ಫೋಟೊ ಹಾಳಾಗಿದೆ, ಮತ್ತೆ ತೆಗೆಸಬೇಕು, ಭಾನುವಾರ ಸ್ಟುಡಿಯೋಗೆ ಬಾ.

ಭಾನುವಾರ ಇಬ್ಬರೂ ಬಂದರು, ಮದುವೆಯ ದಿನದ ಅಂಗಿಯಲ್ಲೇ. ಗೋಡೆಯ ಎರಡು ತುದಿಗೆ ನಿಂತರು. ಹತ್ತಿರ ಬನ್ನಿ ಅಂದೆ. ಒಂದೊಂದು ಹೆಜ್ಜೆ ಸರಿದರು. ಇನ್ನೂ ಅಂದೆ.

"ಇನ್ನೆಷ್ಟು ಹತ್ರ? ಇವ್ನು ಚಿಕ್ಕೋನಿದ್ದಾಗ್ಲಿಂದ್ಲೂ ಬೆವರ್ತಾನೆ," ಎಂದು ದೊಡ್ಡವರು ನನಗೆ ಹೇಳಿದರು.

ಚಿಕ್ಕವರು ನೇರವಾಗಿ ಅವರಿಗೇ ಹೇಳಿದರು: "ನೀನು ಪೌಡರ್ ಮೆತ್ಕೊಂಡು ಬಂದಿರೋದು ಕಾಣಲ್ವಾ ನಂಗೆ?"

ಸರೋಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ದೊಡ್ಡವರಿಗೆ ತಡೆಯಲಾಗಲಿಲ್ಲ, ಚಿಕ್ಕವರಿಗೂ. ನಾನು ಕ್ಲಿಕ್ ಮಾಡಿದೆ. ಪೇಟದ ನೆಪವಿಲ್ಲದೆ ಬಂದ ನಗು. ಕಳೆದುಹೋದ ಫೋಟೊಗಿಂತ ಚೆನ್ನಾಗಿ ಬಂತು. ಇಬ್ಬರೂ ಒಂದೇ ಆಟೊದಲ್ಲಿ ಹೋದರು. ಬಾಡಿಗೆ ನಾನು ಕೊಡ್ತೀನಿ, ನೀನು ಸುಮ್ನಿರು ಎಂದು ಜಗಳವಾಡುತ್ತಲೇ ಹೋದರು.

ನಿಮಗೆ ನಾನು ಹೇಳುವುದಿಷ್ಟು. ಪೆಟ್ಟಿಗೆ ಒಂದೇ ಇದ್ದರೆ ಹೊತ್ತು ಹಂಚಿ: ಒಂದಕ್ಕೆ ಹನ್ನೆರಡು, ಇನ್ನೊಂದಕ್ಕೆ ಎರಡು, ದೊಡ್ಡದಕ್ಕೆ ಕೊನೆಯಲ್ಲಿ ಬೇಕಾದಷ್ಟು ಸಮಯ. ಕೆಂಪಕ್ಷರ ಕಂಡರೆ ಓದಿ. ವಾರಕ್ಕೊಮ್ಮೆ ಪೆಟ್ಟಿಗೆಯಿಂದ ಒಂದು ಫೋಟೊ ಹೊರತೆಗೆದು ಕಣ್ಣಾರೆ ನೋಡಿ. ಒಳಗಿದೆ ಎಂದು ನಂಬಿ ಕೂರಬೇಡಿ. ಇಷ್ಟರ ಮೇಲೂ ಕಳೆದುಹೋದರೆ ಮುಚ್ಚಿಡದೆ ಬೇಗ ಹೇಳಿಬಿಡಿ, ಫೋಟೊದಲ್ಲಿದ್ದವರಿಗೆ ಮತ್ತೊಮ್ಮೆ ಜೊತೆಗೆ ನಿಲ್ಲುವ ಶಕ್ತಿ ಇರುವಾಗಲೇ.