ಬಟ್ಟಲಾಟದ ರಾಮಣ್ಣನವರು

ರಾಮಣ್ಣನವರು ಬಟ್ಟಲು ಆರಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಮಾಡಿಟ್ಟ ಹಿತ್ತಾಳೆ ಬಟ್ಟಲುಗಳನ್ನು ಒಂದೊಂದಾಗಿ ಎತ್ತಿ, ಅಂಚಿನ ಸುತ್ತ ಹೆಬ್ಬೆರಳನ್ನು ನಿಧಾನವಾಗಿ ಓಡಿಸಿ, ತಳದ ಗುಳಿಯನ್ನು ಕಿರುಬೆರಳಿನಿಂದ ಮುಟ್ಟಿ ನೋಡಿ, "ಊಹೂಂ" ಎಂದು ಪಕ್ಕಕ್ಕಿಡುತ್ತಿದ್ದರು. ಆ "ಊಹೂಂ" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವರು ಹೋದ ಮೇಲೆ ಅದೇ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರೆ, ಅವರ ಬೆರಳು ನಿಂತಿದ್ದ ಜಾಗದಲ್ಲಿ ಕೂದಲೆಳೆಯಷ್ಟು ಉಬ್ಬು ಇದ್ದೇ ಇರುತ್ತಿತ್ತು.

ನಾನಾಗ ಮಾಗಡಿ ರಸ್ತೆಯ ಒಂದು ಪಾತ್ರೆ ಕಾರ್ಖಾನೆಯಲ್ಲಿ ಲೇತಿನ ಕೆಲಸಕ್ಕಿದ್ದೆ. ಐವತ್ತರ ದಶಕದ ಮೊದಲ ವರ್ಷಗಳು. ಆಚೆ ರಾಜಾಜಿನಗರಕ್ಕೆ ಸೈಟು ಅಳೆದು ಕಲ್ಲು ನೆಡುತ್ತಿದ್ದರು. ಗಾಳಿ ಬೀಸಿದರೆ ಕೆಮ್ಮಣ್ಣಿನ ಧೂಳು ನಮ್ಮ ಕುಲುಮೆಯವರೆಗೂ ಬರುತ್ತಿತ್ತು. ಅಂಥ ಒಂದು ಮಧ್ಯಾಹ್ನ, ಕಪ್ಪು ಕೋಟು ತೊಟ್ಟು ಹೆಗಲಿಗೆ ಚೀಲ ಹಾಕಿಕೊಂಡ ಎತ್ತರದ ಆಳೊಬ್ಬರು ಬಂದು, "ಆಚಾರ್ರೇ, ಮೂರು ಬಟ್ಟಲು ಬೇಕಿತ್ತು" ಅಂದರು. ಊರಿನ ಮೇಷ್ಟರೋ ಶಾನುಭೋಗರೋ ಇರಬೇಕು ಅಂದುಕೊಂಡು ನಾನು ಮೂರು ಲೋಟ ತಂದಿಟ್ಟೆ. ಅವರು ನಕ್ಕರು.

"ಕುಡಿಯೋಕಲ್ಲ ಆಚಾರ್ರೇ, ಆಟಕ್ಕೆ."

ಅವರದು ಕೆಂಗೇರಿ. ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಕಣ್ಕಟ್ಟಿನ ಆಟ ಆಡುವುದು ಅವರ ಬದುಕು. ಪರದೆ, ದೀಪ, ಪೆಟ್ಟಿಗೆಯೊಳಗಿನ ಹೆಂಗಸು, ಇಂಥದ್ದೇನೂ ಇಲ್ಲ. ಒಂದು ಜಮಖಾನ ಹಾಸಿ, ಜನರ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತು, ಮೂರು ಬಟ್ಟಲು ಬೋರಲು ಹಾಕಿ, ಬೆಂಡಿನ ಗುಂಡುಗಳನ್ನು ಒಂದರಡಿಯಿಂದ ಇನ್ನೊಂದರಡಿಗೆ ಕಳಿಸುತ್ತಿದ್ದರು. "ದೂರ ಕೂತೋರಿಗೆ ಯಾರು ಬೇಕಾದ್ರೂ ಮೋಸ ಮಾಡ್ಬೋದು. ನಮ್ದು ಉಸಿರು ತಾಗೋ ಅಷ್ಟು ಹತ್ರದ ಕೆಲ್ಸ" ಅನ್ನುತ್ತಿದ್ದರು.

ಅಂಥ ಕೆಲಸಕ್ಕೆ ಅಂಗಡಿಯ ಲೋಟ ಆಗದು ಎಂದು ನನಗೆ ಅವತ್ತೇ ತಿಳಿದದ್ದು. ಮೂರೂ ಒಂದರೊಳಗೊಂದು ಕೂರಬೇಕು, ಆದರೆ ಪೂರ್ತಿ ಕೂರಬಾರದು. ನಡುವೆ ಒಂದು ಗುಂಡು ಅಡಗುವಷ್ಟು ಸಂದಿ ಉಳಿಯಬೇಕು. ಅಂಚು ಹೊರಕ್ಕೆ ಸುರುಳಿಯಾಗಿದ್ದು ಬೆರಳಿಗೆ ಸಿಗಬೇಕು. ಬೋರಲು ಹಾಕಿದಾಗ ಮೇಲೆ ಬರುವ ತಳದಲ್ಲಿ ಗುಂಡು ಉರುಳದಂತೆ ಸಣ್ಣ ಗುಳಿ ಇರಬೇಕು. ಒಳಗಡೆ ಹೊಳಪು ಕೊಡಬಾರದು, ಗುಂಡಿನ ನೆರಳು ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಸದ್ದು ಮಾಡಬಾರದು.

"ಬಟ್ಟಲು ಮಾತಾಡ್ಬಾರ್ದು ಆಚಾರ್ರೇ. ಮಾತಾಡೋಕೆ ನಾನಿದೀನಿ."

ಮೂರು ಬಟ್ಟಲು ಅವರಿಗೆ ಒಪ್ಪಿಗೆಯಾಗುವ ಹೊತ್ತಿಗೆ ನಾನು ಒಂದು ಬುಟ್ಟಿ ತುಂಬ ಬಟ್ಟಲು ಕೆಡಿಸಿದ್ದೆ. ಕೊನೆಗೆ ಒಪ್ಪಿದ ದಿನ ನನ್ನ ಕೆಲಸದ ಹಲಗೆಯ ಮೇಲೇ ಆಟ ಆಡಿ ತೋರಿಸಿದರು. ಲೇತುಗಳೆಲ್ಲ ನಿಂತವು. ಆ ಬಟ್ಟಲುಗಳನ್ನು ಮಾಡಿದವನು ನಾನೇ ಆದರೂ ಗುಂಡು ಯಾವಾಗ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಾಗಲಿಲ್ಲ.

ಆಮೇಲೆ ಅವರು ಕೆಲಸವಿರಲಿ ಇಲ್ಲದಿರಲಿ ನಮ್ಮ ಕಡೆ ಬಂದಾಗ ಕಾರ್ಖಾನೆಗೆ ಬಂದೇ ಹೋಗುತ್ತಿದ್ದರು. ಇಸ್ಪೀಟು ಮುಟ್ಟುತ್ತಿರಲಿಲ್ಲ. ಆಡೋಣ ಬನ್ನಿ ಎಂದು ಕರೆದರೆ, "ನಾನು ಗೆದ್ರೆ ಮೋಸ ಅಂತೀರಿ, ಸೋತ್ರೆ ನಾಟ್ಕ ಅಂತೀರಿ. ಬಿಡಿ ಸ್ವಾಮಿ" ಎಂದು ಕೋಟಿನ ಜೇಬಿಗೆ ಕೈ ಹಾಕಿಕೊಳ್ಳುತ್ತಿದ್ದರು.

ಆ ವರ್ಷ ನಮ್ಮ ಮೊದಲ ಕೂಸು ಜ್ವರದಲ್ಲಿ ಹೋಯಿತು. ಇನ್ನೂ ಅಂಬೆಗಾಲಿಡುತ್ತಿದ್ದ ಹೆಣ್ಣು ಮಗು. ನನ್ನ ಹೆಂಡತಿ ಸಾವಿತ್ರಿ ಅಡುಗೆಮನೆಯ ಗೋಡೆಗೆ ಒರಗಿ ಕೂತವಳು ಮಾತೇ ಬಿಟ್ಟಳು. ವಿಷಯ ಕೇಳಿ ರಾಮಣ್ಣನವರು ತಮ್ಮ ಹೆಂಡತಿ ಜಯಮ್ಮನವರನ್ನು ಕರೆದುಕೊಂಡು ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಡುಗೆಮನೆಯ ಹೊಸ್ತಿಲ ಹತ್ತಿರ ಟವಲು ಹಾಸಿ ಬಟ್ಟಲು ಇಟ್ಟರು. ನನಗೆ ಸಿಟ್ಟೇ ಬಂತು, ಇದೇನು ಆಟ ಆಡುವ ಹೊತ್ತೇ ಎಂದು. ಅವರು ಒಂದು ಬಟ್ಟಲು ಎತ್ತಿದರು, ಅಡಿಯಲ್ಲಿ ಒಂದು ಮಲ್ಲಿಗೆ ಮೊಗ್ಗು. ಇನ್ನೊಂದು ಎತ್ತಿದರು, ಅಲ್ಲೂ ಮೊಗ್ಗು. ಮುಚ್ಚಿದರು, ಎತ್ತಿದರು, ಮತ್ತೆ ಮೊಗ್ಗು. ಟವಲಿನ ಮೇಲೆ ಒಂದು ಮೊಳ ಕಟ್ಟುವಷ್ಟು ಹೂವಾಯಿತು. ಸಾವಿತ್ರಿ ಗೋಡೆ ಬಿಟ್ಟು ಮುಂದಕ್ಕೆ ಬಾಗಿ ನೋಡುತ್ತಿದ್ದಳು.

"ಮಾಯ ಮಾಡಲ್ವಾ ಅಣ್ಣ?" ಅಂದಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಮಾತು.

"ಇಲ್ಲ ಕಣಮ್ಮ. ಈ ಮನೇಲಿ ನಾನು ಏನನ್ನೂ ಮಾಯ ಮಾಡಲ್ಲ" ಅಂದರು ಅವರು.

ಅವಳು ಅತ್ತಳು. ಜಯಮ್ಮನವರು ಪಕ್ಕದಲ್ಲಿ ಕೂತು ಆ ಹೂವನ್ನೆಲ್ಲ ಕಟ್ಟಿದರು.

ಮುಂದಿನ ವರ್ಷವೇ ಇರಬೇಕು, ರಾಮಣ್ಣನವರು ಬಟ್ಟಲುಗಳನ್ನು ವಾಪಸು ತಂದರು. "ಯಾಕೋ ಜಾರ್ತಾವೆ ಆಚಾರ್ರೇ. ಅಂಚು ತೆಳುವಾಯ್ತು." ಅಂಚು ದಪ್ಪ ಮಾಡಿಕೊಟ್ಟೆ. ತಿಂಗಳು ಕಳೆಯುವುದರೊಳಗೆ ಮತ್ತೆ ಬಂದರು. "ಹಗುರ ಆಯ್ತು, ಕೈಯಲ್ಲಿದ್ಯೋ ಇಲ್ವೋ ಗೊತ್ತಾಗಲ್ಲ." ತೂಕದ ತಗಡು ತೆಗೆದುಕೊಂಡು ಹೊಸದು ಮಾಡಿದೆ. ಅದೂ ಆಗಲಿಲ್ಲ. ಮೈಮೇಲೆ ಗೀರು ಎಳೆದು ಒರಟು ಮಾಡಿಕೊಟ್ಟೆ. ಅದೂ ಜಾರುತ್ತದೆ ಅಂದರು. "ನಿಮ್ಮ ಕೈಗೆ ಬ್ರಹ್ಮ ಬಂದು ಮಾಡ್ಕೊಡ್ಬೇಕು" ಎಂದು ನಾನು ಒಂದು ದಿನ ರೇಗಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಆಗ ನಾನು ಒಂದನ್ನು ಗಮನಿಸಿದೆ. ಅವರೀಗ ಬಟ್ಟಲನ್ನು ಕಣ್ಣು ಬಿಟ್ಟುಕೊಂಡು ಆರಿಸುತ್ತಿದ್ದರು. ಬೆರಳು ಅಂಚಿನ ಮೇಲೆ ಓಡುವಾಗ ಬೆರಳನ್ನೇ ದಿಟ್ಟಿಸಿ ನೋಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಹಿತ್ತಾಳೆ ಮೆದುವಾಗಲೆಂದು ಕೆಲವು ಬಟ್ಟಲು ಕುಲುಮೆಯಲ್ಲಿ ಕಾಯಿಸಿ ಬೂದಿಯ ಮೇಲೆ ಆರಲು ಬಿಟ್ಟಿದ್ದೆ. ಕೆಂಪು ಇಳಿದಿತ್ತು, ಕಾವು ಇಳಿದಿರಲಿಲ್ಲ. ಇಕ್ಕಳ ತರಲು ಆಚೆ ತಿರುಗಿದ್ದೆ. ರಾಮಣ್ಣನವರು ಯಾವಾಗ ಒಳಗೆ ಬಂದರೋ, ಬಗ್ಗಿ ಅದರಲ್ಲೊಂದನ್ನು ಎತ್ತಿಕೊಂಡಿದ್ದರು. ಅಂಗೈಯಲ್ಲಿಟ್ಟು ತೂಗಿ ನೋಡುತ್ತಾ, "ಇದು ಸರಿ ಇದೆ ನೋಡಿ. ಇದ್ರ ತೂಕ ಚೆನ್ನಾಗಿದೆ" ಅಂದರು.

ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು.

"ಬಿಡ್ರೀ! ಬಿಡ್ರೀ ಕೈ!" ಎಂದು ಕಿರುಚಿ, ಇಕ್ಕಳದಿಂದ ಹೊಡೆದು ಬಟ್ಟಲನ್ನು ಬೀಳಿಸಿದೆ. ಅವರು ತಮ್ಮ ಅಂಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾ ನಿಂತಿದ್ದರು. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

ಹಿತ್ತಲಿಗೆ ಕರೆದೊಯ್ದು ನೀರು ಸುರಿದೆ. ಅವರು ಕೋಟಿನ ತೋಳು ಮೇಲೆ ಸರಿಸಿದರು. ಮೊಣಕೈ ಕೆಳಗೆ ಅಂಗೈಯಗಲದ ಬಿಳಿಚಿದ ಮಚ್ಚೆ.

"ಯಾವಾಗಿಂದ ಇದು?"

"ಹೋದ ಯುಗಾದಿಗೂ ಮುಂಚೆಯಿಂದ" ಅಂದರು. ತೋಳನ್ನು ಮತ್ತೆ ಕೆಳಕ್ಕೆಳೆದುಕೊಂಡು, "ಬಟ್ಟಲದೇ ತಪ್ಪಾಗಿರ್ಲಿ ಅಂತ ದಿನಾ ದೇವ್ರನ್ನ ಕೇಳ್ಕೋತಿದ್ದೆ ಆಚಾರ್ರೇ. ನಿಮ್ಮನ್ನ ಸುಮ್ನೆ ಗೋಳು ಹೊಯ್ಕೊಂಡೆ."

ಡಾಕ್ಟರು ಕುಷ್ಠವೆಂದೇ ಹೇಳಿದರು. ಈಗ ಹೊಸ ಮಾತ್ರೆ ಬಂದಿದೆ, ರೋಗ ನಿಲ್ಲುತ್ತದೆ, ಆದರೆ ಬೆರಳಿನಿಂದ ಹೋದದ್ದು ಮತ್ತೆ ಬರುವುದಿಲ್ಲ ಎಂದರು. ನಿಲ್ಲುತ್ತದೆ ಎಂಬ ಮಾತಿನಿಂದ ಜಯಮ್ಮನವರಿಗೆ ಜೀವ ಬಂತು. ರಾಮಣ್ಣನವರ ಕಿವಿಗೆ ಬಿದ್ದದ್ದು ಎರಡನೆಯ ಮಾತು ಮಾತ್ರ.

ಅಂಗೈಯ ಗಾಯ ಮಾದ ಮೇಲೆ ಅವರು ನನ್ನ ಹತ್ತಿರ ಬಂದು ಕೇಳಿದ್ದು ವಿಚಿತ್ರವಾಗಿತ್ತು. "ಈ ಸಲ ಸದ್ದು ಮಾಡೋ ಬಟ್ಟಲು ಮಾಡ್ಕೊಡಿ. ತೆಳು ತಗಡು ಹಾಕಿ. ಗುಂಡು ಬೆಂಡಿನದು ಬೇಡ, ಮರದ್ದಿರ್ಲಿ. ಬೆರಳು ಹೇಳ್ದೇ ಇರೋದನ್ನ ಕಿವಿ ಹೇಳ್ಬೋದು." ರಾಜಾಜಿನಗರದಲ್ಲಿ ಒಂದು ಗೃಹಪ್ರವೇಶಕ್ಕೆ ಮೊದಲೇ ಮಾತು ಕೊಟ್ಟಿದ್ದರಂತೆ. ಬೇಡಿ ಅಂದೆ. "ಇದೊಂದು ಆಡ್ತೀನಿ. ಆಗ್ಲಿಲ್ಲ ಅಂದ್ರೆ ಬಿಡ್ತೀನಿ" ಅಂದರು. ತೆಳು ಬಟ್ಟಲು ಹಲವು ಮಾಡಿ ಮುಂದಿಟ್ಟೆ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳಿ ಮೂರನ್ನು ಆರಿಸಿದರು. ಅವರಿಗೆ ಕೇಳುವ ಸದ್ದು ಎದುರು ಕೂತವರಿಗೂ ಕೇಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಗೃಹಪ್ರವೇಶಕ್ಕೆ ನಾನೂ ಜೊತೆಗೆ ಹೋದೆ. ಹೊಸ ಮನೆ, ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಊಟ ಮುಗಿದ ಮೇಲೆ ನಡುಮನೆಯಲ್ಲಿ ಜಮಖಾನ ಹಾಸಿದರು. ರಾಮಣ್ಣನವರು ಮಾತಿನಲ್ಲಿ ಯಾವತ್ತಿನಂತೆಯೇ ಇದ್ದರು. ಜನ ನಗುತ್ತಿದ್ದರು. ಗುಂಡು ಬಟ್ಟಲಿನೊಳಗೆ ಟಕ್ಕೆಂದಾಗಲೆಲ್ಲ ಯಾರಾದರೊಬ್ಬರು "ಅಲ್ಲಿದೆ, ಅಲ್ಲಿದೆ" ಅನ್ನುತ್ತಿದ್ದರು. ಅವರು ಅದನ್ನೂ ಹಾಸ್ಯ ಮಾಡಿ ದಾಟಿಸಿದರು. ಆಮೇಲೆ ಬೆರಳ ಸಂದಿಯಲ್ಲಿ ಅಡಗಿದ್ದ ಗುಂಡು ಜಾರಿ ಬಿತ್ತು. ಅದು ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಖಾಲಿ ಬೆರಳುಗಳನ್ನು ಮಡಿಸಿಕೊಂಡು ಮಾತು ಮುಂದುವರಿಸಿದರು. ನಗು ನಿಂತಿತು. ಮುಂದೆ ಕೂತಿದ್ದ ಹಿರಿಯರೊಬ್ಬರು ಬಗ್ಗಿ ಆ ಕೈಯನ್ನೇ ನೋಡಿದರು. ಸುಟ್ಟ ಕಲೆ, ಒಳಕ್ಕೆ ಬಾಗತೊಡಗಿದ್ದ ಕಿರುಬೆರಳು.

"ಏಳ್ರೋ ಎಲ್ರೂ! ಆ ಗುಂಡು ಮುಟ್ಬೇಡ್ರಿ, ಇವ್ನಿಗೆ ದೊಡ್ಡರೋಗ!"

ಜನ ಎದ್ದು ಗೋಡೆಗೆ ಸರಿದರು. ಮನೆಯ ಯಜಮಾನರು ಕೈ ಮುಗಿದು, "ನಡೀರಿ ಮಾರಾಯ್ರೇ, ಹೊಸ ಮನೆ ಇದು, ಹೊರಟುಬಿಡಿ" ಅಂದರು. ರಾಮಣ್ಣನವರು ಎದ್ದು ಚಪ್ಪಲಿ ಮೆಟ್ಟಿದರು. ಬಟ್ಟಲುಗಳನ್ನು ನಾನು ಎತ್ತಿಕೊಂಡೆ. ನಾವು ಬೀದಿಗೆ ಇಳಿಯುವಷ್ಟರಲ್ಲಿ ಪಕ್ಕದ ಖಾಲಿ ಸೈಟಿನಲ್ಲಿ ಆ ಜಮಖಾನಕ್ಕೆ ಸೀಮೆಎಣ್ಣೆ ಸುರಿಯುತ್ತಿದ್ದರು. ಅದು ಹತ್ತಿಕೊಂಡು ಉರಿಯುವವರೆಗೆ ರಾಮಣ್ಣನವರು ನಿಂತು ನೋಡಿದರು. ನಾನು ಅವರ ತೋಳು ಹಿಡಿದು ಎಳೆದುಕೊಂಡು ಬರಬೇಕಾಯಿತು.

ಸುದ್ದಿ ಕೆಂಗೇರಿಗೆ ಹೋಗಲು ತಡವಾಗಲಿಲ್ಲ. ಬಾವಿಯ ಕಟ್ಟೆಯಲ್ಲಿ ಜಯಮ್ಮನವರ ಕೊಡವನ್ನು ದೂರ ಇಡಿಸಿದರು. ಆಮೇಲೆ ಮನೆ ಬಿಡಿಸಿದರು. ಸಾವಿತ್ರಿ ಇಬ್ಬರನ್ನೂ ನಮ್ಮ ಮನೆಗೇ ಕರೆಯಲು ನನ್ನನ್ನು ಕಳಿಸಿದಳು. ಆಗ ಅವಳು ಮತ್ತೆ ಬಸುರಿ. ರಾಮಣ್ಣನವರು, "ಆ ತಾಯಿ ಕರೆದಳಲ್ಲ, ಅಷ್ಟು ಸಾಕು" ಅಂದರೇ ಹೊರತು ಬರಲಿಲ್ಲ. ಊರಾಚೆ ಇದ್ದ ಕುಷ್ಠರೋಗಿಗಳ ಆಸ್ಪತ್ರೆಗೆ ಸೇರಿದರು. ಜಯಮ್ಮನವರು ಅಲ್ಲೇ ಕಸ ಗುಡಿಸುವ ಕೆಲಸ ಹಿಡಿದರು.

ನಾನು ಬಿಡುವಾದ ಭಾನುವಾರಗಳಲ್ಲಿ ಹೋಗಿ ಬರುತ್ತಿದ್ದೆ. ಮೊದಮೊದಲು ಮಾತಿಗೇ ಸಿಗುತ್ತಿರಲಿಲ್ಲ, ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ಒಂದು ದಿನ ತಾವಾಗಿಯೇ ಎದ್ದು ಕೂತು, "ಆಚಾರ್ರೇ, ಒಂದು ಬಟ್ಟಲು ಬೇಕಿತ್ತು" ಅಂದರು. ನಾನು ಅವರ ಬೆರಳುಗಳತ್ತ ನೋಡಿದೆ. "ಆಟಕ್ಕಲ್ಲ. ಇಲ್ಲಿ ಗಂಜಿ ಕೊಡ್ತಾರೆ. ಬಿಸಿ ಗೊತ್ತಾಗದೆ ಎಲ್ರೂ ಕೈ ಸುಟ್ಕೋತಾರೆ. ಹಿಡಿಯೋಕೆ ಬೆರಳೂ ಇಲ್ಲ. ಇಡೀ ಕೈ ತೂರಿಸೋ ಹಾಗೆ ಎರಡೂ ಕಡೆ ದೊಡ್ಡ ಹಿಡಿ ಇರ್ಬೇಕು, ಹಿಡಿಗೆ ಮರ ತೊಡಿಸಿರ್ಬೇಕು. ತಳ ಅಗಲ ಇರ್ಲಿ, ತಾಗಿದ್ರೆ ಉರುಳ್ಬಾರ್ದು. ಒಂದು ಸರಿಹೋದ್ರೆ ಎಲ್ರಿಗೂ ಅಂಥದ್ದೇ ಮಾಡ್ಕೊಡಿ."

ಮಾಡಿ ತಂದೆ. ಅವರು ಮಣಿಕಟ್ಟಿನವರೆಗೆ ಕೈ ತೂರಿಸಿ ನೀರು ಕುಡಿದು ನೋಡಿ, "ಊಹೂಂ" ಅಂದರು. ಹಿಡಿ ಚಿಕ್ಕದಾಯಿತಂತೆ, ಪಕ್ಕದ ಮಂಚದವರ ಕೈ ಇನ್ನೂ ಮುದುಡಿದೆಯಂತೆ. ಎರಡನೆಯದು ತಂದರೆ ತೂಕ ಜಾಸ್ತಿ ಅಂದರು. ಮೂರನೆಯದು ಹಿಡಿದು ತುಂಬ ಹೊತ್ತು ಯೋಚಿಸಿ, ಬಾಯಿ ಇಡುವ ಕಡೆ ಅಂಚು ಸ್ವಲ್ಪ ಹೊರಕ್ಕೆ ಬಾಗಿದರೆ ಸರಿಹೋಗುತ್ತದೆ ಅಂದರು. "ಇನ್ನೊಂದೇ ಸಲ. ಆಗೋಯ್ತು" ಎಂದು ನಕ್ಕರು. ಆ ಮುಖದಲ್ಲಿ ಅಷ್ಟು ದಿನಗಳಲ್ಲಿ ನಾನು ಕಂಡ ನಗು ಅದೊಂದೇ.

ನಮ್ಮ ಮಗ ಹುಟ್ಟಿದ್ದರಿಂದ ನಡುವೆ ಕೆಲವು ಭಾನುವಾರ ತಪ್ಪಿದವು. ಬಟ್ಟಲು ಹಿಡಿದುಕೊಂಡು ಹೋದಾಗ ಅವರ ಮಂಚದ ಮೇಲೆ ಬೇರೆ ಯಾರೋ ಮುದುಕರಿದ್ದರು. ಜಯಮ್ಮನವರು ಪೊರಕೆ ಗೋಡೆಗಿಟ್ಟು ಹೊರಗೆ ಬಂದರು. ಕಾಲಿನಲ್ಲಿ ಗಾಯವಾಗಿತ್ತಂತೆ, ನೋವಿಲ್ಲವಾದ್ದರಿಂದ ಯಾರಿಗೂ ಹೇಳಿರಲಿಲ್ಲವಂತೆ. ನಂಜು ಏರಿತು. ಹಿಂದಿನ ಬಯಲಲ್ಲೇ ಮಣ್ಣು ಮಾಡಿದರು.

"ಹೇಳಿ ಕಳ್ಸೋಣ ಅಂದ್ರೆ ನಿಮ್ಮನೇಲಿ ಬಾಣಂತಿ" ಅಂದರು ಜಯಮ್ಮನವರು. ಆಮೇಲೆ ನನ್ನ ಕೈಯಲ್ಲಿದ್ದ ಬಟ್ಟಲನ್ನು ನೋಡಿದರು. "ಒಂದೇ ತಂದ್ರಾ?"

"ಅವರು ಒಪ್ಕೊಂಡ ಮೇಲೆ ಉಳಿದದ್ದು ಮಾಡೋಣ ಅಂತಿದ್ದೆ."

ಅವರು ಬಟ್ಟಲು ತೆಗೆದುಕೊಂಡು, ಎರಡು ಹಿಡಿಗಳೊಳಗೂ ಕೈ ತೂರಿಸಿ ನೋಡಿದರು.

"ಇನ್ಯಾರು ಒಪ್ಕೋಬೇಕು ಅಣ್ಣ?" ಅಂದರು. "ಹಿಂಗೇ ಮಾಡ್ಕೊಡಿ. ಇಲ್ಲಿ ಜನ ತುಂಬ ಇದಾರೆ."