ಕಾರಿನೊಳಗಿನ ಲೊಟಕ್ ಸದ್ದು

ಹೊತ್ತಿಗೆ ಸರಿಯಾಗಿ ಜಟಕಾ ಸಿಗದೆ, ಆಸ್ಪತ್ರೆ ತಲುಪುವುದು ತಡವಾಗಿ, ನಮ್ಮ ಮೊದಲ ಮಗು ಉಳಿಯಲಿಲ್ಲ. ಅರವತ್ತರ ದಶಕದ ಶುರುವಿನ ಮಾತು. ಆಗ ಜಯನಗರದ ನಮ್ಮ ಕಡೆ ಮನೆಗಿಂತ ಬಯಲೇ ಜಾಸ್ತಿ. ಇನ್ನೊಂದು ಸಲ ಹಾಗಾಗಬಾರದೆಂದು, ಗುಮಾಸ್ತನಾಗಿದ್ದ ನಾನು ತುಕ್ಕು ಹಿಡಿದ ಹಳೇ ಕಾರೊಂದನ್ನು ಕೊಂಡೆ. ಆಫೀಸಿನವರು ನಕ್ಕರು. ನಗಲಿ, ಅವರಪ್ಪನ ಮನೆ ಗಂಟೇನು ಹೋಗಬೇಕಿತ್ತು?

ಹೆಂಡತಿ ಮತ್ತೆ ತುಂಬು ಬಸುರಿಯಾದಾಗ ಕಾರಿಗೆ ಅದೇನೋ ದೆವ್ವ ಹಿಡಿಯಿತು. ಗುಂಡಿ ಸಿಕ್ಕರೆ ಲೊಟಕ್, ತಿರುಗಿಸಿದರೆ ಲೊಟಕ್. ಇಂಜಿನ್ ಆರಿಸಿ ಇಳಿಜಾರಿನಲ್ಲಿ ಬಿಟ್ಟರೂ ಲೊಟಕ್. ಅವಳನ್ನು ಕೇಳಿದರೆ ತನಗೇನೂ ಕೇಳಿಸುವುದಿಲ್ಲ ಎನ್ನುತ್ತಿದ್ದಳು. ಅವಳ ಕಿವಿಯ ಮೇಲೂ ನನಗೆ ಸಿಟ್ಟು ಬಂತು.

ಬನಶಂಕರಿ ರಸ್ತೆಯಲ್ಲಿ ಹೊಂಗೆ ಮರದಡಿ ಒಬ್ಬ ಮೆಕ್ಯಾನಿಕ್ ಇದ್ದ. ಸ್ಪ್ರಿಂಗ್ ಸಡಿಲ ಎಂದು ಬಿಗಿದ. ಸದ್ದು ಹೋಗಲಿಲ್ಲ. ಸೈಲೆನ್ಸರನ್ನು ತಂತಿಯಿಂದ ಕಟ್ಟಿದ. ಅದೂ ಅಲ್ಲ. ಕೊನೆಗೆ, ಹಿಂದಿನ ಆಕ್ಸಲ್ ಪೂರ್ತಿ ಬಿಚ್ಚಬೇಕು, ವಾರವಾದರೂ ಬೇಕು ಎಂದ. ಬಿಚ್ಚಿ ಹರವಿಕೊಂಡಾಗ ನೋವು ಶುರುವಾದರೆ? ಬಿಚ್ಚದೆ ದಾರಿಯಲ್ಲೇ ಮುರಿದರೆ? ಕೈಯಲ್ಲಿ ದುಡ್ಡೂ ಇರಲಿಲ್ಲ, ತಲೆಯೂ ಓಡಲಿಲ್ಲ. ಹಾಗೇ ವಾಪಸು ತಂದೆ.

ಒಂದು ಬೆಳಿಗ್ಗೆ ನೋವು ಬಂತು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕಿವಿಯನ್ನೆಲ್ಲ ಆ ಸದ್ದಿಗೇ ಕೊಟ್ಟು ಹೊರಟೆ. ಸೌತ್ ಎಂಡ್ ದಾಟಿತು, ಸದ್ದಿಲ್ಲ. ಲಾಲ್‌ಬಾಗ್ ಪಕ್ಕದ ಗುಂಡಿಗೆ ಚಕ್ರ ಬಿತ್ತು, ಆಗಲೂ ಇಲ್ಲ. ಖುಷಿಪಡುವುದು ಬಿಟ್ಟು ನನಗೆ, ಏನು ಮುರಿಯಿತೋ ಎಂಬ ಯೋಚನೆ ಹತ್ತಿತು. ಗಾಡಿ ನಿಲ್ಲಿಸಿ, ಇಳಿದು, ರಸ್ತೆಗೆ ಮೊಣಕಾಲೂರಿ ಅಡಿಗೆ ಬಗ್ಗಿ ನೋಡಿದೆ.

"ಯಾಕ್ರೀ ನಿಲ್ಲಿಸಿದ್ರಿ?" ಎಂದಳು.

"ಸದ್ದು ಬರ್ತಿಲ್ಲ ಕಣೇ. ಏನೋ ಕಳಚಿ ಬಿದ್ದಿರ್ಬೇಕು."

ಅವಳು ಸೆರಗು ಸರಿಸಿದಳು. ಮಡಿಲಲ್ಲಿ ಅರಿಶಿನದ ಬಟ್ಟೆಯ ಗಂಟು, ಒಳಗೊಂದು ತೆಂಗಿನಕಾಯಿ. ಈ ಕಾರಿನಲ್ಲೇ ಮಗು ಮನೆಗೆ ಬರಲಿ ಎಂದು, ಕಾರಿಗೆ ಪೂಜೆಯಾದ ದಿನವೇ ಮುಡಿಪು ಕಟ್ಟಿ ಹಿಂದಿನ ಸೀಟಿನಡಿ ಸಿಕ್ಕಿಸಿದ್ದಳಂತೆ. ಈಗ ಕಾರು ಹತ್ತಿದ ಕೂಡಲೇ ಅದನ್ನು ತೆಗೆದು ಅಲ್ಲಾಡದಂತೆ ಹಿಡಿದಿದ್ದಳು. ವರ್ಷ ಕಳೆದು ಕಾಯಿ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಆಡುತ್ತಿತ್ತು. ಹೇಳಿದ್ದರೆ ನಾನು ನಕ್ಕು, ಒಡೆದು ಚಟ್ನಿ ಮಾಡಿಸುತ್ತಿದ್ದೆನಂತೆ. ಸುಳ್ಳೇನಲ್ಲ. ನಾನಿನ್ನೂ ಬಾಗಿಲು ಹಿಡಿದೇ ನಿಂತಿದ್ದೆ.

"ಸದ್ದು ನಾನು ಹಿಡ್ಕೊಂಡಿದೀನಿ," ಎಂದಳು ಹಲ್ಲು ಕಚ್ಚಿಕೊಂಡು. "ನೀವು ಕಾರು ಓಡಿಸಿ."

ವಾರ ಕಳೆದು ಮಗಳೊಂದಿಗೆ ಮನೆಗೆ ಬರುವಾಗ ಅವಳ ಎರಡು ಕೈಯಲ್ಲೂ ಮಗುವಿತ್ತು. ಗಂಟನ್ನು ಸೀಟಿನ ಮೇಲೆ ಬಿಟ್ಟಿದ್ದಳು. ದಾರಿಯುದ್ದಕ್ಕೂ ಲೊಟಕ್, ಲೊಟಕ್. ನಾನು ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ.