ಪೆಪ್ಪರ್‌ಮೆಂಟ್ ಡಬ್ಬಿಯ ಮುಚ್ಚಳ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ನಿಮಗೂ ಗೊತ್ತಿರಬಹುದು. ಸ್ವಲ್ಪ ಧೂಪ, ಸ್ವಲ್ಪ ಕೆಮ್ಮು. ಇವತ್ತು ಬಿಟ್ಟುಹೋದ ತಂತಿಯೊಂದನ್ನು ಸೇರಿಸಲು ಹಳೆಯ ಪೆಪ್ಪರ್‌ಮೆಂಟ್ ಡಬ್ಬಿ ತೆರೆದೆ. ವರ್ಷಗಳಿಂದ ತೆರೆದಿರಲಿಲ್ಲ. ಒಳಗೆ ತಾಮ್ರದ ಮೂರು ಸುರುಳಿಗಳು. ನನ್ನ ರೇಡಿಯೊ ತನ್ನದಲ್ಲದ ಜಾಗದಲ್ಲಿ ಬಾಯಿ ಹಾಕದಂತೆ ತಡೆಯುವ ಫಿಲ್ಟರ್ ಅದು. ಕಟ್ಟಿದವನು ನಾನೇ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ.

ಆಗ ಸೋಲದೇವನಹಳ್ಳಿಯಲ್ಲಿ ಬಾಡಿಗೆಗಿದ್ದೆ. ಎಂ.ಟೆಕ್. ಮುಗಿದಿತ್ತು, ಹವ್ಯಾಸಕ್ಕೆ ರೇಡಿಯೊ ಪ್ರಸಾರ ಮಾಡುವ ಹ್ಯಾಮ್ ಲೈಸೆನ್ಸ್ ಬಂದಿತ್ತು, ಅಲೆಯನ್ನು ಕಂಪ್ಯೂಟರಿನಲ್ಲೇ ರೂಪಿಸುವ ಎಸ್‌ಡಿಆರ್ ಎಂಬ ಹೊಸ ರೇಡಿಯೊ ಮೇಜಿನ ಮೇಲಿತ್ತು. ನನಗಿಂತ ಎಷ್ಟೋ ಮೊದಲೇ ಹ್ಯಾಮ್ ಆಗಿದ್ದ, ಹತ್ತಿರದ ಅಬ್ಬಿಗೆರೆಯ ನಂಜಪ್ಪಣ್ಣನದು ಹಳೆಯ ಸೆಟ್. ಹೊಲವೆಲ್ಲ ಲೇಔಟ್ ಆದರೂ ತಾರಸಿಯನ್ನು ಮಾತ್ರ ಅವರು ಆಂಟೆನಾಗೆ ಉಳಿಸಿಕೊಂಡಿದ್ದರು. ಸಂಜೆ ತಲೆಯ ಮೇಲೆ ಹಾದುಹೋಗುವ ಪುಟ್ಟ ಉಪಗ್ರಹವೊಂದರ ಕೀಚಲು ದನಿ ಕೇಳುವುದೇ ಅವರ ದಿನದ ಸುಖ.

ಒಂದು ಸಂಜೆ ಫೋನ್ ಮಾಡಿದರು. "ಉಪಗ್ರಹ ಬರೋ ಜಾಗದಾಗೆ ಏನೋ ಗೊರಗೊರ ಅಂತದೆ ಕಣಪ್ಪ. ನೀನೇನಾ?"

"ನಾನು ನೂರಾ ನಲವತ್ತೈದು ಮೆಗಾಹರ್ಟ್ಸ್‌ನಲ್ಲಿದ್ದೀನಿ, ನೀವ್ ಕೇಳ್ತಿರೋದು ನಾನೂರಾ ಮೂವತ್ತೈದು. ನಿಮ್ ಸೆಟ್‌ಗೆ ವಯಸ್ಸಾಯ್ತು, ನಂಜಪ್ಪಣ್ಣ."

ನನ್ನ ಪರದೆಯ ಮೇಲೆ ಒಂದೇ ಒಂದು ಗೆರೆ, ಸ್ವಚ್ಛವಾಗಿ ನಿಂತಿತ್ತು. ನಾವು ಕಳಿಸು ಎಂದದ್ದನ್ನೇ ಪರದೆ ತೋರಿಸುತ್ತದೆ, ಆಂಟೆನಾದಿಂದ ಹೊರಟದ್ದನ್ನಲ್ಲ ಎಂಬುದು ಓದಿದವನಿಗೆ ಹೊಳೆಯಲಿಲ್ಲ.

ಒಂದು ವಾರ ಕಳೆಯಿತು. ಮತ್ತೆ ಫೋನ್ ಮಾಡಿ ಮೆಲ್ಲಗೆ ಹೇಳಿದರು: "ಸೆಟ್ ಕೊಟ್‌ಬಿಡಾಣ ಅಂತಿದ್ದೀನಿ. ಕಿವೀನೂ ಸರಿಯಿಲ್ವೇನೋ. ಒಂದ್ಸಾರಿ ನೀನು ರೇಡಿಯೊದಾಗೆ ಮಾತಾಡಿ ನಿಲ್ಸಪ್ಪ, ನೋಡಾಣ."

ಮಾತಾಡಿದೆ. ನಿಲ್ಲಿಸಿದೆ. ಮತ್ತೆ ಮಾತಾಡಿದೆ.

"ಮೂರರ ಮಗ್ಗಿ ಬರ್ತದೇನಪ್ಪ ನಿಂಗೆ?" ಎಂದರು.

ನೂರಾ ನಲವತ್ತೈದು ಮೂರ್ಲ ನಾನೂರಾ ಮೂವತ್ತೈದು. ಅಲೆಯ ಬಲ ಹೆಚ್ಚಿಸುವ ಗೇನ್ ಅನ್ನು ತುದಿಮುಟ್ಟ ಏರಿಸಿ ಕೂತಿದ್ದೆ; ಹಾಗೆ ಮಿತಿಮೀರಿದರೆ ಅಲೆಯ ಜೊತೆ ಅದರ ಮೂರು ಪಟ್ಟಿನ ಮರಿ ಅಲೆಯೂ ಹೊರಡುತ್ತದೆ. ನನ್ನ ಪ್ರತಿ ಮಾತಿನ ಆ ಮರಿ ಅವರ ತಾರಸಿಯಲ್ಲಿ ಗೊರಗುಟ್ಟುತ್ತಿತ್ತು.

ಮುಂದಿನದು ನನಗೆ ಚೆನ್ನಾಗಿ ನೆನಪಿದೆ: ತಕ್ಷಣ ಗೇನ್ ಇಳಿಸಿದೆ, ಕೆಂಪು ಪೆನ್ಸಿಲಿಗೆ ತಂತಿ ಸುತ್ತಿದೆ, ಡಬ್ಬಿ ಮಾಡಿ ಒಯ್ದು ಕ್ಷಮೆ ಕೇಳಿದೆ. ಪೆನ್ಸಿಲಿನ ಬಣ್ಣವೂ ನೆನಪಿರುವಾಗ ನಂಬದಿರುವುದು ಹೇಗೆ?

ಆದರೆ ಇವತ್ತು ಮುಚ್ಚಳದ ಒಳಗೆ ನಂಜಪ್ಪಣ್ಣನ ಗುಂಡು ಅಕ್ಷರ ಕಂಡಿತು. ಯಾವ ಸುರುಳಿಗೆ ಎಷ್ಟು ಸುತ್ತು ಎಂಬ ಲೆಕ್ಕ. ಅದರ ಕೆಳಗೆ: "ನನ್ನ ಸೆಟ್ ಸರಿಯಾಗಿದೆ."

ನನಗೆಂದು ಬರೆದದ್ದೋ, ತಮಗೇ ಹೇಳಿಕೊಂಡದ್ದೋ. ಕಾಯುತ್ತಿದ್ದ ಬೆಸುಗೆ ಕಡ್ಡಿಯನ್ನು ಬದಿಗಿಟ್ಟು ಫೋನ್ ಮಾಡಿದೆ.

"ಈ ಡಬ್ಬಿ ಯಾರು ಮಾಡಿದ್ದು, ನಂಜಪ್ಪಣ್ಣ?"

"ಸುತ್ತಿದ್ದು ನಾನು. ಬೆಸುಗೆ ನಿಂದು. ಸೊಟ್ಟಗೆ ಇಲ್ವಾ ನೋಡು."

ನೋಡಿದೆ. ಸೊಟ್ಟಗಿತ್ತು.

"ಅವತ್ತು ನಾನು ಕ್ಷಮೆ ಕೇಳಿದ್ನಾ?"

"ಅದೆಲ್ಲ ಯಾವನಿಗ್ ಗೊತ್ತು. ಕಾಫಿ ಎರಡ್ ಲೋಟ ಕುಡ್ದೆ."

ತಂತಿ ಸೇರಿಸಿ ಡಬ್ಬಿ ಮುಚ್ಚಿ ರೇಡಿಯೊಗೆ ಜೋಡಿಸಿದೆ. ಪರದೆಯಲ್ಲಿ ಗೆರೆ ಎಂದಿನಂತೆ ಸ್ವಚ್ಛವಾಗಿತ್ತು. ಅದರತ್ತ ಬೆನ್ನು ಮಾಡಿ ಕೂತು, ಮತ್ತೆ ಫೋನ್ ಮಾಡಿ ಹೇಳಿದೆ: "ನಂಜಪ್ಪಣ್ಣ, ಸೆಟ್ ಹಾಕಿ. ಈಗ ಮಾತಾಡ್ತೀನಿ. ಉಪಗ್ರಹದ ಜಾಗದಲ್ಲಿ ಗೊರಗೊರ ಕೇಳಿದ್ರೆ ಅದು ನಂದೇ."